ಗಾದ್ರಪ್ಪ ಕಂಡ ಬೆಳಕು

ನಾನು ಒಂದು ಕಲ್ಲು. ಹಾಗೆಂದ ಕೂಡಲೇ ದಾರಿಬದಿಯ ಜಲ್ಲಿಯನ್ನೋ ಹಿತ್ತಿಲ ಒರಳನ್ನೋ ನೆನೆಯಬೇಡಿ. ಸ್ವಲ್ಪ ತಡೆಯಿರಿ. ನನ್ನ ಮೈಯಲ್ಲಿ ಸತುವಿದೆ, ಗಂಧಕವಿದೆ, ಚೂರು ಕಬ್ಬಿಣವಿದೆ. ಇನ್ನೂ ಒಂದಿದೆ, ಅದರ ಕಥೆಯನ್ನು ಹೇಳುವುದಕ್ಕೇ ಇಷ್ಟು ಅವಸರದಿಂದ ಬಾಯಿ ತೆರೆದಿದ್ದೇನೆ.

ನನ್ನ ಹುಟ್ಟು ಸಮುದ್ರದ ತಳದಲ್ಲಿ. ಚಿತ್ರದುರ್ಗದ ಸೀಮೆಯ ಈ ಬಿಸಿಲು ನೆಲ ಒಂದು ಕಾಲಕ್ಕೆ ಕಡಲಿನ ಕೆಳಗಿತ್ತು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬಬೇಕಾಗಿಲ್ಲ, ಅಲ್ಲೇ ಇದ್ದೆ! ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಮಾತು. ಮರವಿಲ್ಲ, ಮೀನಿಲ್ಲ, ಹುಲ್ಲಿನ ಎಸಳಿಲ್ಲ. ನೋಡುವುದಕ್ಕೆ ಜಗತ್ತಿನಲ್ಲಿ ಒಂದು ಕಣ್ಣೂ ಇರಲಿಲ್ಲ. ಆದರೂ ಭಗವಂತನು ಸುಮ್ಮನೆ ಕೂತಿರಲಿಲ್ಲ. ಕಡಲಿನ ನೀರು ತಳದ ಬಿರುಕುಗಳಲ್ಲಿ ಇಳಿಯಿತು. ಕೆಳಗೆ ಬೆಂಕಿಯಿತ್ತು. ನೀರು ಕಾದು, ಬಂಡೆಗಳೊಳಗಿನ ಸತುವನ್ನೂ ತಾಮ್ರವನ್ನೂ ಕಬ್ಬಿಣವನ್ನೂ ಕರಗಿಸಿಕೊಂಡು, ಗಂಧಕವನ್ನು ಜೊತೆಗೆ ಕಟ್ಟಿಕೊಂಡು, ಭುಸುಗುಟ್ಟುತ್ತ ಮೇಲಕ್ಕೆ ನುಗ್ಗಿತು. ಮೇಲೆ ತಣ್ಣೀರು ತಾಗಿತು. ಸಕ್ಕರೆಯ ಪಾಕ ಆರಿದಾಗ ಪಾತ್ರೆಯ ಅಂಚಿನಲ್ಲಿ ಹರಳು ಕಟ್ಟುವುದನ್ನು ನೀವು ಕಂಡಿದ್ದೀರಲ್ಲ? ಹಾಗೆಯೇ ಆಯಿತು. ಸತುವು ಗಂಧಕದ ಕೈ ಹಿಡಿಯಿತು. ನಾನು ಹುಟ್ಟಿದೆ!

ಆ ಕೈಹಿಡಿತ ಎಷ್ಟು ಅಚ್ಚುಕಟ್ಟು ಗೊತ್ತೇ? ಒಂದೊಂದು ಸತುವಿನ ಕಣದ ಸುತ್ತ ನಾಲ್ಕು ಗಂಧಕ. ಒಂದೊಂದು ಗಂಧಕದ ಕಣದ ಸುತ್ತ ನಾಲ್ಕು ಸತು. ವಜ್ರದ ಮನೆಯನ್ನು ಕಟ್ಟಿದ ನಕ್ಷೆಯೂ ಇದೇ. ಇದು ಬಡಾಯಿಯಲ್ಲ. ನನ್ನ ಶುದ್ಧವಾದ ಹರಳನ್ನು ತೀಡಿ ಬಿಸಿಲಿಗೆ ಹಿಡಿದರೆ ವಜ್ರಕ್ಕಿಂತಲೂ ಹೆಚ್ಚಾಗಿ ಬಣ್ಣಗಳನ್ನು ಚೆಲ್ಲುತ್ತದೆ. ಆದರೆ ವಜ್ರದ ಗಟ್ಟಿತನವನ್ನು ದೇವರು ನನಗೆ ಕೊಡಲಿಲ್ಲ. ಒಂದು ಕಬ್ಬಿಣದ ಮೊಳೆ ಸಾಕು, ನನ್ನ ಮೈಮೇಲೆ ಗೀರು ಬೀಳುತ್ತದೆ. ಪೆಟ್ಟು ಬಿದ್ದರೆ ಆರು ದಿಕ್ಕಿನಲ್ಲಿ ನುಣ್ಣಗೆ ಸೀಳಿಕೊಳ್ಳುತ್ತೇನೆ. ನಾನು ಬೆಳೆಯುವಾಗ ಒಂದು ಮಗ್ಗುಲಿಗೆ ಕಬ್ಬಿಣ ಬಂದು ಸೇರಿತು. ಆ ಕಡೆ ಕಪ್ಪಾದೆ. ಇನ್ನೊಂದು ಮಗ್ಗುಲಿಗೆ ಅದು ಬರಲಿಲ್ಲ. ಆ ಕಡೆ ಜೇನಿನ ಬಣ್ಣದಲ್ಲಿ ಉಳಿದೆ.

ಆಮೇಲೆ ನನ್ನ ಮೇಲೆ ಕೆಸರು ಬಿತ್ತು, ಲಾವಾ ಬಿತ್ತು, ಬೆಟ್ಟವೇ ಬಿತ್ತು. ಕಡಲು ಎದ್ದು ಹೋಯಿತು. ನೆಲ ಮಡಿಸಿಕೊಂಡು ಮೇಲೆದ್ದಿತು. ನಾನು ಕತ್ತಲಿನಲ್ಲೇ ಇದ್ದೆ. ಬೇಸರವಾಯಿತೇ ಎಂದು ಕೇಳಬೇಡಿ. ಕಾಯುವುದು ಕಲ್ಲಿಗೆ ಕಷ್ಟವಲ್ಲ.

ಕಾವಲಗುಡ್ಡದಲ್ಲಿ ತಾಮ್ರ ಸಿಗುತ್ತದೆ ಎಂದು ಒಂದು ಕಂಪನಿ ಬಂದು ಗಣಿ ತೋಡಿದಾಗ ನನಗೆ ಮನುಷ್ಯರ ಸದ್ದು ಮೊದಲ ಸಲ ಕೇಳಿತು. ಆಹಾ, ಎಂಥ ಸದ್ದು! ಹಾರೆಯ ಟಣ್ ಟಣ್, ತಳ್ಳುಗಾಡಿಯ ಗಡಗಡ, ಬೈಗುಳ, ನಗು, ಕೆಮ್ಮು, ದೇವರ ನಾಮ. ಗುಡ್ಡದ ಕೆಳಗಿನ ಕಾವಲಹಟ್ಟಿಯ ಗಂಡಸರೆಲ್ಲ ಒಳಗಿಳಿಯುತ್ತಿದ್ದರು. ಹೆಂಗಸರು ಒಳಗೆ ಬರುವಂತಿರಲಿಲ್ಲ. ಅವರು ಹೊರಗೆ ಕೂತು, ಬಂದ ಕಲ್ಲನ್ನು ಒಡೆದು, ಹಳದಿಯಾಗಿ ಹೊಳೆಯುವ ತಾಮ್ರದ ಕಲ್ಲನ್ನು ಒಂದು ಕಡೆ ಆರಿಸಿ, ನನ್ನಂಥ ಕರಿಯವರನ್ನು ಕಸದ ರಾಶಿಗೆ ಎಸೆಯುತ್ತಿದ್ದರು.

ಗಣಿಯವರಿಗೆ ಕೆಲವು ಕಟ್ಟುಪಾಡುಗಳಿದ್ದವು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ಸಿಳ್ಳೆ ಹಾಕಬಾರದು. ಎಲ್ಲಕ್ಕಿಂತ ದೊಡ್ಡದು ದೀಪದ ಕಟ್ಟುಪಾಡು. ನೆಲದ ಹೊಟ್ಟೆಯೊಳಗೆ ನಿಂತು ತನ್ನ ಕೈಯಾರೆ ದೀಪ ಆರಿಸಬಾರದು. ಆರಿಸಿದರೆ ಭೂಮಿತಾಯಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆರಿಸು ಎಂಬ ಮಾತನ್ನೂ ಅವರು ಆಡುತ್ತಿರಲಿಲ್ಲ. ಮನೆಗಳಲ್ಲಿ ಹೇಳುವಂತೆ ‘ದೀಪ ದೊಡ್ಡದು ಮಾಡು’ ಎಂದೇ ಹೇಳುತ್ತಿದ್ದರು, ಅದೂ ಹೊರಗೆ ಬಂದ ಮೇಲೆ.

ನನ್ನನ್ನು ಕಂಡವನು ಗಾದ್ರಪ್ಪ. ಹಾರೆ ಹಿಡಿದು ಬಂಡೆಗೆ ತೂತು ಕೊರೆಯುವುದು ಅವನ ಕೆಲಸ. ಒಂದು ದಿನ ಮಧ್ಯಾಹ್ನ, ಒಬ್ಬನೇ ಸುರಂಗದ ಕೊನೆಯಲ್ಲಿದ್ದಾಗ, ಮೇಲಿನಿಂದ ನೀರಿನ ಹನಿ ಬಿದ್ದು ಅವನ ಕಾರ್ಬೈಡ್ ದೀಪ ತಾನಾಗಿ ನಂದಿತು. ಅವನು ಹೆದರಲಿಲ್ಲ. ಹಾರೆಯ ತುದಿಯಿಂದ ಗೋಡೆಯನ್ನು ಸವರಿಕೊಂಡು ದಾರಿ ಹುಡುಕಿದ. ಆ ತುದಿ ನನ್ನ ಜೇನುಬಣ್ಣದ ಮಗ್ಗುಲನ್ನು ಕೆರೆಯಿತು.

ನಾನು ಬೆಳಗಿದೆ!

ನನಗೇ ಗೊತ್ತಿರಲಿಲ್ಲ ನನ್ನೊಳಗೆ ಅದಿದೆ ಎಂದು. ಇನ್ನೂರೈವತ್ತು ಕೋಟಿ ವರ್ಷ ಯಾರೂ ನನ್ನನ್ನು ಕೆರೆದಿರಲಿಲ್ಲ. ಕಿತ್ತಳೆಬಣ್ಣದ ಒಂದು ಗೆರೆ, ಹಾರೆಯ ಹಿಂದೆಯೇ ಓಡಿ ಮಾಯವಾಯಿತು. ಅದು ಬೆಂಕಿಯ ಕಿಡಿಯಲ್ಲ, ಬಿಸಿಯೂ ಇಲ್ಲ. ಗಾದ್ರಪ್ಪ ಉಸಿರು ಹಿಡಿದ. ಮತ್ತೆ ಕೆರೆದ. ಮತ್ತೆ ಬೆಳಗಿದೆ. ಅವನು ಮಗುವಿನ ಹಾಗೆ ನಕ್ಕ.

“ಕಾಟಣ್ಣಾ! ಓಡ್ಬಾ ಇಲ್ಲಿ! ಕಲ್ಲಿನೊಳಗೆ ಬೆಳಕೈತೆ!”

ಕಾಟಯ್ಯ ಆ ಸುರಂಗದ ಮೇಸ್ತ್ರಿ. ಗಾದ್ರಪ್ಪನಿಗಿಂತ ಹಿರಿಯ, ಒಳ್ಳೆಯವ, ಆದರೆ ಕಟ್ಟುಪಾಡಿನ ಮನುಷ್ಯ. ದೀಪ ಹಿಡಿದುಕೊಂಡೇ ಓಡಿಬಂದ.

“ಎಲ್ಲೈತಲೇ ಬೆಳಕು?”

“ಈಗ ಕೆರೀತೀನಿ ನೋಡು.”

ಅವನು ಕೆರೆದ. ನಾನೂ ಬೆಳಗಿದೆ. ಆದರೆ ಕಾಟಯ್ಯನ ಕೈಯಲ್ಲಿದ್ದ ಕಾರ್ಬೈಡ್ ದೀಪದ ಬೆಳ್ಳನೆಯ ಉರಿಯ ಮುಂದೆ ನನ್ನ ಗೆರೆ ಎಲ್ಲಿ ಕಾಣಬೇಕು?

“ನಿನ್ ದೀಪ ಒಂದೀಟು ದೊಡ್ಡದು ಮಾಡಣ್ಣಾ, ಆಗ ಕಾಣ್ತೈತೆ.”

“ಏನಂದೆ? ನೆಲದೊಳಗೆ ನಿಂತ್ಕಂಡು ದೀಪ ದೊಡ್ಡದು ಮಾಡು ಅಂತೀಯಾ? ಬುದ್ಧಿ ನೆಟ್ಟಗೈತಾ ನಿಂಗೆ? ಎಲ್ರೂ ಇಲ್ಲೇ ಮಣ್ಣಾಗಣ ಅಂತೀಯೇನೋ!”

ಅಷ್ಟೇ ಆದದ್ದು. ನೋಡಬೇಕಾದರೆ ದೀಪ ಆರಿಸಬೇಕು. ದೀಪ ಆರಿಸುವವರು ಅಲ್ಲಿ ಯಾರೂ ಇರಲಿಲ್ಲ. ಕತ್ತಲಲ್ಲಿ ತಾನೇ ಚಲಿಸುವ ಬೆಳಕೆಂದರೆ ಹಟ್ಟಿಯವರಿಗೆ ಒಂದೇ ಅರ್ಥ, ಕೊಳ್ಳಿದೆವ್ವ. ಗಾದ್ರಪ್ಪ ಕೊಳ್ಳಿದೆವ್ವವನ್ನು ಕಂಡನಂತೆ, ಕಂಡು ನಕ್ಕನಂತೆ ಎಂದು ಮಾತು ಹಬ್ಬಿತು. ಒಂಬತ್ತು ದಿನಗಳ ನಂತರ ಅದೇ ಸುರಂಗದ ಚಾವಣಿಯಿಂದ ಒಂದು ಚಪ್ಪಡಿ ಜಾರಿ ಕಾಟಯ್ಯನ ತಮ್ಮನ ಕಾಲು ಮುರಿಯಿತು. ಅಲ್ಲಿಗೆ ಮಾತು ಗಟ್ಟಿಯಾಯಿತು. ದೆವ್ವವನ್ನು ಕರೆದವನು ಗಾದ್ರಪ್ಪ. ಅವನ ಜೊತೆ ಯಾರೂ ಒಳಗಿಳಿಯಲು ಒಪ್ಪಲಿಲ್ಲ. ಅವನನ್ನು ಮೇಲೆ ತಳ್ಳುಗಾಡಿಯ ಕೆಲಸಕ್ಕೆ ಹಾಕಿದರು.

ಒಳಗಿನ ಕೆಲಸದ ಕೊನೆಯ ದಿನ ಅವನು ನನ್ನನ್ನು ಬಂಡೆಯಿಂದ ಬಿಡಿಸಿ, ಬುತ್ತಿಯ ಬಟ್ಟೆಯಲ್ಲಿ ಕಟ್ಟಿಕೊಂಡ. ಮುಷ್ಟಿಯಷ್ಟಿದ್ದೆ, ಕೈಗೆ ಮಾತ್ರ ಎರಡು ಮುಷ್ಟಿಯ ಭಾರ. ಕಸದ ಕಲ್ಲನ್ನು ಯಾರು ಕೇಳುತ್ತಾರೆ? ಹೊರಗೆ ಬಂದಾಗ ನಾನು ಸೂರ್ಯನನ್ನು ಕಂಡೆ. ಆ ದಿನದ ಸಡಗರವನ್ನು ಬಣ್ಣಿಸಲು ನನ್ನಿಂದ ಆಗುವುದಿಲ್ಲ. ಆಕಾಶವೆಂಬುದು ಅಷ್ಟು ದೊಡ್ಡದೇ! ಗಾದ್ರಪ್ಪ ಮಾತ್ರ ತಲೆ ಬಗ್ಗಿಸಿ ನಡೆಯುತ್ತಿದ್ದ.

ಅವನ ಹೆಂಡತಿ ಬೊಮ್ಮಕ್ಕ, ಕಲ್ಲು ಆರಿಸುವ ಹೆಂಗಸರಲ್ಲಿ ಒಬ್ಬಳು. ಅವಳು ನನ್ನನ್ನು ಗೋಡೆಯ ಗೂಡಿನಲ್ಲಿ, ದೇವರ ದೀಪದ ಪಕ್ಕ ಇಟ್ಟಳು. “ದಿನಕ್ಕೆ ನೂರು ಎಸೀತೀನಿ ಇಂಥವ್ನ. ಒಂದು ಮನೆಗೇ ಬಂತಲ್ಲಪ್ಪಾ,” ಎಂದಳು. ಗಾದ್ರಪ್ಪ ನಗಲಿಲ್ಲ. ಮೂರು ಮಳೆಗಾಲ ಅವನು ಕೆಮ್ಮಿದ. ಇಪ್ಪತ್ತು ವರ್ಷ ಕುಡಿದ ಕಲ್ಲಿನ ಧೂಳು ಎದೆಯಲ್ಲಿ ಗೂಡು ಕಟ್ಟಿತ್ತು. ಯಾರನ್ನೂ ಬೈಯಲಿಲ್ಲ. “ನಾ ಕಂಡಿದ್ದು ಕಂಡಿದ್ದೇ ಕಣೇ,” ಎಂದಷ್ಟೇ ಆಗಾಗ ಹೇಳುತ್ತಿದ್ದ. ನಾಲ್ಕನೆಯ ಮಳೆಗೆ ಅವನಿರಲಿಲ್ಲ.

ಸಾವಿನ ಮನೆಯಲ್ಲಿ ಕಲ್ಲಾಗಿರುವುದು ಸುಲಭವೆಂದು ಜನ ತಿಳಿಯುತ್ತಾರೆ. ಬೊಮ್ಮಕ್ಕ ಬೆಳಗಾಗೆದ್ದು ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಆಮೇಲೆ ನೆನಪಾಗಿ, ಅವನ್ನು ನೋಡುತ್ತ ಕೂರುತ್ತಿದ್ದಳು. ಗೂಡಿನಿಂದ ನಾನೂ ಅವನ್ನೇ ನೋಡುತ್ತಿದ್ದೆ.

ಆಯುಧಪೂಜೆಯ ದಿನ ಗಣಿಯ ಬಾಯಲ್ಲಿ ಒಂದು ಪದ್ಧತಿಯಿತ್ತು. ಸುರಂಗದ ಒಂದು ಹಳೆಯ ಹಲಗೆಗೆ ಹಳದಿ ಬಟ್ಟೆ ಹಾಸಿ, ಗಣಿಯಲ್ಲಿ ದುಡಿದು ತೀರಿಕೊಂಡವರ ಪಟಗಳನ್ನೆಲ್ಲ ಸಾಲಾಗಿ ಇಡುತ್ತಿದ್ದರು. ಹಾರೆ ಸುತ್ತಿಗೆಗಳಿಗೆ ಕುಂಕುಮ ಹಚ್ಚುವ ಮೊದಲು ಆ ಪಟಗಳಿಗೆ ಹೂವೇರಿಸಬೇಕು. ವರ್ಷದೊಳಗೆ ಸತ್ತವನ ಪಟವನ್ನು ಮನೆಯವರು ಆ ದಿನ ತಂದು ಸೇರಿಸಬೇಕು. ಆ ಸಾಲಿನಲ್ಲಿ ಇಲ್ಲದವನು ಗಣಿಯವನೇ ಅಲ್ಲ.

ಬೊಮ್ಮಕ್ಕ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಬಂದಾಗಲೂ ಪಟ ಸೆರಗಿನಲ್ಲೇ ಇತ್ತು. ನೆರೆಮನೆಯ ಈರಕ್ಕನ ಮುಂದೆ ಅತ್ತು ಹೇಳಿಕೊಂಡಳು. ಹಾಗಾಗಿ ನನಗೆ ತಿಳಿಯಿತು. ಕಾಟಯ್ಯ ಕೈಮುಗಿದು ಹೇಳಿದನಂತೆ: “ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವಾ ಬೊಮ್ಮಕ್ಕ. ಆದ್ರೆ ದೆವ್ವನ ಕರೆದೋನ ಪಟ ಇಟ್ರೆ ನಾಳೆ ಒಬ್ರೂ ಒಳಗಿಳಿಯಲ್ಲ.”

ಮರುವರ್ಷವೂ ಹೋದಳು. ಮರುವರ್ಷವೂ ಪಟ ತಿರುಗಿ ಬಂತು.

ಮೂರನೆಯ ವರ್ಷ, ಪೂಜೆಯ ಹಿಂದಿನ ದಿನ ಮಧ್ಯಾಹ್ನ, ಅವಳು ನನ್ನನ್ನು ಗೂಡಿನಿಂದ ಇಳಿಸಿದಳು. ಈ ಸಲ ಪಟದ ಜೊತೆ ನನ್ನನ್ನೂ ಒಯ್ಯುವುದೆಂದು ನಿಶ್ಚಯಿಸಿದ್ದಳು. ದೇವರ ಮುಂದಕ್ಕೆ ಹೊರಟ ವಸ್ತು ಮಸಿ ಹಿಡಿದಿದ್ದರೆ ಆಗುತ್ತದೆಯೇ? ಹಿತ್ತಾಳೆಯ ಕೊಡ ಬೆಳಗುವ ಹಾಗೆ ಇಟ್ಟಿಗೆಪುಡಿ ತಂದಳು, ಹೋಳು ಮಾಡಿದ ನಿಂಬೆಹಣ್ಣು ತಂದಳು, ಬಾಗಿಲಲ್ಲಿ ಕೂತು ಕಸುವಿನಿಂದ ತಿಕ್ಕಿದಳು. ಎಲ್ಲಿ ಏನಿದೆ ಎಂದು ನನ್ನ ಮೈಯೆಲ್ಲ ಅವಳ ಬೆರಳಿಗೆ ಪರಿಚಯವಾಯಿತು.

ಅವಳಿಗೆ ಗೊತ್ತಿರಲಿಲ್ಲ. ಇಟ್ಟಿಗೆಪುಡಿ ನನ್ನನ್ನು ಸವೆಸಿ ಹುಡಿ ಮಾಡಿತು. ಆ ಹುಡಿಗೆ ನಿಂಬೆಯ ಹುಳಿ ಸೇರಿತು. ಹುಳಿ ಸೇರಿದ್ದೇ ತಡ, ನನ್ನೊಳಗಿನ ಗಂಧಕ ಗಾಳಿಯಾಗಿ ಎದ್ದುಬಿಟ್ಟಿತು. ಏನು ನಾತ! ಕೊಳೆತ ಮೊಟ್ಟೆಯ ನಾತ! ನನಗೆ ನಾಚಿಕೆಯಾಯಿತು. ಆದರೆ ಸ್ವಭಾವ ಬಿಡುವುದು ಯಾರಿಂದ ಸಾಧ್ಯ?

ಈರಕ್ಕ ಮೂಗು ಮುಚ್ಚಿಕೊಂಡು ಬಂದಳು. “ಏನೇ ಬೊಮ್ಮಿ, ಹೇಂಟೆ ಕಾವಿಗೆ ಕೂರ್ಸಿ ಮರ್ತುಬಿಟ್ಯಾ?”

“ಕಲ್ಲು ತಿಕ್ತಿದ್ದೆ ಕಣಕ್ಕ.”

ಈರಕ್ಕನ ಮುಖದ ನಗು ಹೋಯಿತು. “ಕಲ್ಲು ನಾರ್ತೈತಾ? ಗಾದ್ರಣ್ಣನ ಕಲ್ಲಾ? ಅಯ್ಯೋ, ಬಿಸಾಕು ತಾಯಿ! ನಿಂಬೆಹಣ್ಣು ತಾಗಿದ್ದಕ್ಕೆ ಒಳಗಿರೋದು ಹೊರಗೆ ಬಂತು ನೋಡು!”

ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಬೊಮ್ಮಕ್ಕ ನನ್ನನ್ನು ಮೈಯಿಂದ ದೂರ ಹಿಡಿದದ್ದು ಆಗ. ನಿಂಬೆಹಣ್ಣೆಂದರೆ ದೆವ್ವವನ್ನು ಹೊರಗೆಳೆಯುವ ವಸ್ತು. ಅದು ಅವಳಿಗೂ ಗೊತ್ತು. “ಅಂಗಾರೆ ಅವ್ರು ಹೇಳಿದ್ದು ನಿಜ ಆಯ್ತಾ?” ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ನನ್ನನ್ನು ಹಿಡಿದುಕೊಂಡು ಬಾವಿಯ ಕಡೆ ನಡೆದಳು. ನನಗೆ ನೀರಿನ ಭಯವಿಲ್ಲ. ಆದರೆ ಗಾದ್ರಪ್ಪನ ಮಾತು ನನ್ನ ಜೊತೆಗೇ ಮುಳುಗಿಹೋಗುತ್ತದಲ್ಲ! ಬಾಯಿದ್ದಿದ್ದರೆ ಕಿರುಚಿಕೊಳ್ಳುತ್ತಿದ್ದೆ.

“ಅಮ್ಮಾ, ನಿಲ್ಲಿ! ಯಾರು ಇಲ್ಲಿ ಕಲ್ಲಿಗೆ ಹುಳಿ ಹಾಕಿದ್ದು?”

ಬೇಲಿಯಾಚೆ ಇಂದುಮತಿ ನಿಂತಿದ್ದರು. ಕಸದ ರಾಶಿಯಲ್ಲಿ ಏನಿದೆ ಎಂದು ಪರೀಕ್ಷಿಸಲು ಪಟ್ಟಣದಿಂದ ಬಂದ ಭೂವಿಜ್ಞಾನಿ. ಕಲ್ಲನ್ನು ಮೂಸುವುದು, ನಾಲಿಗೆಯಿಂದ ತೇವ ಮಾಡಿ ಭೂತಗನ್ನಡಿಯಲ್ಲಿ ನೋಡುವುದು ಅವರ ಅಭ್ಯಾಸ. ಹಟ್ಟಿಯವರು ‘ಕಲ್ಲು ನೆಕ್ಕೋ ಮೇಡಮ್ಮು’ ಎಂದು ಹೆಸರಿಟ್ಟಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡು ಓಡುವ ವಾಸನೆಯ ಜಾಡು ಹಿಡಿದು ಬಂದವರು ಅವರೊಬ್ಬರೇ.

“ನಾನೇ ಕಣವ್ವಾ. ತಪ್ಪಾಯ್ತು,” ಎಂದಳು ಬೊಮ್ಮಕ್ಕ.

“ತಪ್ಪಲ್ಲಮ್ಮ! ನಾವು ಕಾಲೇಜಿನಲ್ಲಿ ಆಸಿಡ್ ಹಾಕಿ ಮಾಡುವ ಪರೀಕ್ಷೆಯನ್ನು ನೀವು ನಿಂಬೆಹಣ್ಣಿನಲ್ಲೇ ಮಾಡಿದ್ದೀರಿ. ಕೊಡಿ ಇಲ್ಲಿ.”

ಇಂದುಮತಿ ಚೀಲದಿಂದ ಒಂದು ಬಿಳಿಯ ಪಿಂಗಾಣಿ ಬಿಲ್ಲೆ ತೆಗೆದು ಅದರ ಮೇಲೆ ನನ್ನನ್ನು ಎಳೆದರು. ಕಪ್ಪು ಮೈ, ಆದರೆ ಬಿದ್ದ ಗೀರು ಮಾಸಲು ಹಳದಿ. ಅವರ ಮುಖ ಅರಳಿತು. “ಸಿಕ್ಕಿಬಿದ್ದೆ! ಅಮ್ಮಾ, ಇದು ಸ್ಫಾಲರೈಟ್. ಸತುವಿನ ಅದಿರು. ನಿಮ್ಮ ಹಿತ್ತಾಳೆ ಕೊಡ ಇದೆಯಲ್ಲ, ತಾಮ್ರಕ್ಕೆ ಸತು ಬೆರೆಸಿದರೇ ಹಿತ್ತಾಳೆ. ಆ ಸತು ಬರುವುದು ಇಂಥ ಕಲ್ಲಿನಿಂದ. ನಾತ ಬಂದದ್ದು ಇದರಲ್ಲಿರುವ ಗಂಧಕದಿಂದ, ದೆವ್ವದಿಂದಲ್ಲ.”

ನನ್ನ ಹೆಸರಿಗೆ ಗ್ರೀಕರ ಮಾತಿನಲ್ಲಿ ಮೋಸಗಾರ ಎಂದು ಅರ್ಥವಂತೆ, ಅದನ್ನೂ ಹೇಳಿದರು. ಸೀಸದ ಅದಿರೆಂದು ನನ್ನನ್ನು ಅಗೆದ ಹಿಂದಿನವರು ಸೀಸ ಸಿಗದೆ ಹಾಗೆ ಹೆಸರಿಟ್ಟರಂತೆ. ಇದೊಳ್ಳೆಯ ನ್ಯಾಯ! ನಾನು ಸೀಸವೆಂದು ಯಾವಾಗ ಹೇಳಿದ್ದೆ?

ಇಂದುಮತಿ ನನ್ನನ್ನು ತಿರುಗಿಸಿದರು. “ಈ ಜೇನುಬಣ್ಣದ ಕಡೆ ನೋಡಿ, ಎಷ್ಟು ಚೆಂದ. ಇಂಥದನ್ನು ಕತ್ತಲೆಯಲ್ಲಿ ಕೆರೆದರೆ ಒಮ್ಮೊಮ್ಮೆ ಬೆಳಗುತ್ತದಂತೆ.”

ಬೊಮ್ಮಕ್ಕ ಅವರ ಮೊಣಕೈ ಹಿಡಿದಳು. “ಏನಂದ್ರಿ? ಇನ್ನೊಂದ್ಸಲ ಅನ್ರವ್ವಾ.”

ಅವರು ಇನ್ನೊಂದು ಸಲ ಹೇಳಿದರು. ಬೊಮ್ಮಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ನಂದಿದ ದೀಪ, ಕಾಟಯ್ಯನ ತಮ್ಮನ ಕಾಲು, ಎರಡು ಸಲ ತಿರುಗಿ ಬಂದ ಪಟ. ಇಂದುಮತಿಯ ಕಣ್ಣು ತುಂಬಿತು. “ಬನ್ನಿ, ಬಾಗಿಲು ಹಾಕಿ ಈಗಲೇ ನೋಡಿಬಿಡೋಣ. ಎಲ್ಲ ಕಲ್ಲೂ ಬೆಳಗುವುದಿಲ್ಲ ಅಮ್ಮಾ. ಇದು ಬೆಳಗದಿದ್ದರೆ ನಾಳೆ ಎಲ್ಲರ ಮುಂದೆ ನಿಮಗೆ ನೋವಾಗುತ್ತದೆ.”

“ಬ್ಯಾಡ. ನಾನು ಮೊದ್ಲು ನೋಡಿದ್ರೆ, ಗಂಡನ ಪರ ಮಾತಾಡ್ತಾಳೆ ಅಂತಾರೆ. ನೀವು ನೋಡಿದ್ರೆ, ಓದಿದೋರು ಏನೋ ಮಾಡಿದ್ರು ಅಂತಾರೆ. ಮೊದ್ಲು ಕಾಟಣ್ಣನೇ ನೋಡ್ಲಿ.”

ಹೀಗೆ ಯಾರೂ ಪರೀಕ್ಷೆ ಮಾಡದೆಯೇ ನಾನು ಪೂಜೆಗೆ ಹೊರಟೆ. ಗಾದ್ರಪ್ಪನ ಹೆಸರೆಲ್ಲ ನನ್ನ ಮೈಮೇಲೆ! ನಾಲ್ಕಾರು ವರ್ಷದಿಂದ ಬೆಳಗಿಲ್ಲ. ಈಗ ಬೆಳಗುತ್ತೇನೋ ಇಲ್ಲವೋ ಎಂದು ನನಗೇ ಅಳುಕು.

ಗಣಿಯ ಬಾಯಲ್ಲಿ ಜನ ಸೇರಿತ್ತು. ಹಾರೆಗಳಿಗೆ ಸೇವಂತಿಗೆ, ತಳ್ಳುಗಾಡಿಗಳಿಗೆ ಬಾಳೆಕಂಬ. ಹಲಗೆಯ ಮೇಲೆ ಹದಿನೇಳು ಪಟಗಳು. ಬೊಮ್ಮಕ್ಕ ಪಟವನ್ನೂ ನನ್ನನ್ನೂ ಹಿಡಿದು ಮುಂದೆ ಬಂದಳು. ಇಂದುಮತಿ ತಿಳಿದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದರು. ಕಾಟಯ್ಯ ಗೌರವದಿಂದಲೇ ಕೇಳಿದ. ಆಮೇಲೆ ಹೇಳಿದ: “ಪುಸ್ತಕದಾಗೆ ಐತೆ ಅಂದ್ರೆ ಆತಾ ಮೇಡಮ್ಮೋರೆ? ನನ್ ತಮ್ಮನ ಕಾಲು ಪುಸ್ತಕದಾಗೆ ಮುರೀಲಿಲ್ಲ.”

“ಪುಸ್ತಕ ಬ್ಯಾಡ ಕಾಟಣ್ಣಾ,” ಎಂದಳು ಬೊಮ್ಮಕ್ಕ. “ನಿನ್ ಕಣ್ಣು ನಂಬ್ತೀಯೋ ಇಲ್ವೋ?”

“ಕಣ್ಣಲ್ಲಿ ನೋಡ್ಬೇಕು ಅಂದ್ರೆ ಒಳಗೋಗಿ ದೀಪ ದೊಡ್ಡದು ಮಾಡ್ಬೇಕು. ಅದೂ ಇಂಥ ದಿನ. ತಲೆ ತೆಗೆದ್ರೂ ಮಾಡಲ್ಲ.”

“ದೀಪನೇ ಇಲ್ಲದ ಕತ್ಲು ನಿನ್ ಅಂಗಳದಾಗೇ ಐತಲ್ಲಣ್ಣಾ. ನಿನ್ ಹಗೇವು!”

ಎಲ್ಲರೂ ಕಾಟಯ್ಯನ ಕಡೆ ತಿರುಗಿದರು. ಆಮೇಲೆ ಹೋ ಎಂದು ನಕ್ಕರು. ಹಗೇವು ಎಂದರೆ ಜೋಳ ತುಂಬಿಡಲು ನೆಲದಡಿಯಲ್ಲಿ ತೋಡಿದ ಕಣಜ. ಕಾಟಯ್ಯನ ಹಗೇವು ಖಾಲಿಯಾಗಿ, ಗಾಳಿಯಾಡಲೆಂದು ನಾಲ್ಕು ದಿನದಿಂದ ಬಾಯಿ ತೆರೆದಿತ್ತು. ಅಲ್ಲಿ ದೀಪ ಆರಿಸುವ ಪ್ರಶ್ನೆಯೇ ಇಲ್ಲ. ಕಾಟಯ್ಯನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಆಗ್ಲಿ ನಡೀರಿ,” ಎಂದ.

ಮೆರವಣಿಗೆಯೇ ಹೊರಟಿತು! ಒಳಗೆ ಗಾಳಿ ಸರಿಯಾಗಿದೆಯೇ ಎಂದು ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅದು ಚೆನ್ನಾಗಿ ಉರಿಯಿತು. ಉರಿಯುತ್ತಿದ್ದಂತೆಯೇ ಮೇಲೆಳೆದುಕೊಂಡರು. ಕಾಟಯ್ಯ ನನ್ನನ್ನೂ ಒಂದು ಮೊಳೆಯನ್ನೂ ಹಿಡಿದು ಏಣಿಯ ಮೇಲೆ ಕಾಲಿಟ್ಟು ನಿಂತ.

“ಒಳಗೆ ಹಾವಿದ್ರೆ?”

“ಹಾವಿಗೆ ಆ ಕಲ್ಲು ಮೂಸ್ಸು ಕಾಟಣ್ಣಾ, ಅದೇ ಏಣಿ ಹತ್ಕಂಡು ಓಡ್ತೈತೆ!” ಎಂದಳು ಈರಕ್ಕ. ನಗುವಿನ ನಡುವೆ ಅವನು ಇಳಿದ. ಮೇಲೆ ಚಪ್ಪಡಿ ಎಳೆದರು, ಸಂದಿಗೆ ಗೋಣಿಚೀಲ ತುರುಕಿದರು.

ಕತ್ತಲು. ನಾನು ಹುಟ್ಟಿದ ಕತ್ತಲಿನಂಥ ಕತ್ತಲು. ಕಾಟಯ್ಯನ ಅಂಗೈ ಬೆವರಿತ್ತು. ಅವನು ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದ. ಮೊಳೆಯಿಂದ ನನ್ನನ್ನು ಕೆರೆದ.

ಏನೂ ಇಲ್ಲ.

ಅಯ್ಯೋ, ಅದು ನನ್ನ ಕಪ್ಪು ಮಗ್ಗುಲು! ಕಬ್ಬಿಣ ಸೇರಿದಲ್ಲಿ ನನ್ನ ಬೆಳಕು ಸತ್ತುಹೋಗುತ್ತದೆ. ಅವನು ಮತ್ತೆ ಅಲ್ಲೇ ಕೆರೆದ. ಮತ್ತೆ ಏನೂ ಇಲ್ಲ. “ಇಲ್ಲಿ ಏನೂ ಇಲ್ಲ ಕಣ್ರೋ!” ಎಂದು ಕೂಗಿದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಅವನಿಗೂ ಕಾಣಬೇಕಾಗಿತ್ತು ಎಂದು ನನಗೆ ಆಗ ತಿಳಿಯಿತು.

ಮೇಲೆ ಗುಜುಗುಜು ಎದ್ದಿತು. ಅದರ ನಡುವೆ, ಚಪ್ಪಡಿಗೆ ಬಾಯಿ ತಾಗಿಸಿದ ಬೊಮ್ಮಕ್ಕನ ದನಿ ಕೇಳಿತು. “ಕಾಟಣ್ಣಾ! ಕಪ್ಪು ಕಡೆ ಅಲ್ಲ! ಹೆಬ್ಬೆಟ್ಟಲ್ಲಿ ಸವರಿ ನೋಡು. ಒಂದು ಕಡೆ ಹಲ್ಲಿನಂಗೆ ನುಣ್ಣಗೈತೆ. ಅಲ್ಲಿ ಕೆರಿ!”

ಹೆಬ್ಬೆರಳು ನನ್ನ ಮೈಮೇಲೆ ನಡೆಯಿತು. ಒರಟು, ಒರಟು, ಆಮೇಲೆ ನುಣುಪು. ಮೊಳೆ ಬಂತು. ಸ್ವಾಮೀ, ಇದೊಂದು ಸಲ ಎಂದು ನಾನು ಬೇಡಿಕೊಂಡೆ.

ಬೆಳಗಿದೆ!

ಕಿತ್ತಳೆಯ ಗೆರೆ ಕತ್ತಲನ್ನು ಸೀಳಿ ಹೋಯಿತು. ಕಾಟಯ್ಯ ಹಿಂದಕ್ಕೆ ಜರುಗಿ ಗೋಡೆಗೆ ತಲೆ ತಾಗಿಸಿಕೊಂಡ. ಮತ್ತೆ ಕೆರೆದ, ಮತ್ತೆ ಬೆಳಗಿದೆ. ಅಡ್ಡ ಕೆರೆದ, ಉದ್ದ ಕೆರೆದ, ಸುತ್ತ ಕೆರೆದ. ಕೆರೆದ ದಾರಿಯಲ್ಲೆಲ್ಲ ಬೆಳಕು! ಮೇಲಿನವರಿಗೆ ಗಾಬರಿ.

“ಕಾಟಣ್ಣಾ! ಜೀವಂತ ಇದೀಯಾ?”

“ಬಾಯಿ ಮುಚ್ರಲೇ! ಗೋಣಿಚೀಲ ಸರಿಯಾಗಿ ತುರುಕ್ರಿ, ಹೊರಗಿನ ಬೆಳಕು ಬರ್ತೈತೆ!”

ಬಹಳ ಹೊತ್ತಿನ ಮೇಲೆ ಅವನು ಹತ್ತಿಬಂದ. ಯಾರ ಮುಖವನ್ನೂ ನೋಡಲಿಲ್ಲ. “ಎಲ್ರೂ ನೋಡ್ಕಂಡು ಬರ್ರಿ,” ಎಂದಷ್ಟೇ ಹೇಳಿ ಅಂಗಳದ ಮೂಲೆಯಲ್ಲಿ ಕೂತ.

ಎಲ್ಲರೂ ಇಳಿದರು. ಇಬ್ಬಿಬ್ಬರಾಗಿ, ಮೂವರಾಗಿ. ಈರಕ್ಕ ಎರಡು ಸಲ ಇಳಿದಳು. ಕಾಲು ಮುರಿದ ತಮ್ಮನನ್ನು ಹೆಗಲ ಮೇಲೆ ಹೊತ್ತು ಇಳಿಸಿದರು; ಅವನು ಕೆರೆದು, ನೋಡಿ, “ಇದ್ಯಾಕೆ ನನ್ ಕಾಲು ಮುರೀತೈತೆ, ಪಾಪ,” ಎಂದ. ಒಬ್ಬೊಬ್ಬರೂ ನನ್ನನ್ನು ಕೆರೆದರು. ಮೃದುವಾದ ಮೈ ನನ್ನದು, ಸವೆದೆ. ಯಾರೋ ಉತ್ಸಾಹದಲ್ಲಿ ಸುತ್ತಿಗೆಯಿಂದ ಬಡಿದಾಗ ಎರಡಾಗಿ ಸೀಳಿದೆ, ಕಪ್ಪು ಒಂದು ಕಡೆ, ಜೇನು ಒಂದು ಕಡೆ. ನೋವೇ? ನನಗೆ ಅಂದು ಇದ್ದದ್ದು ಹಬ್ಬ!

ಎಲ್ಲರೂ ಗಣಿಯ ಬಾಯಿಗೆ ತಿರುಗಿ ಬಂದರು. ಕಾಟಯ್ಯ ಬೊಮ್ಮಕ್ಕನ ಕೈಯಿಂದ ಪಟ ತೆಗೆದುಕೊಂಡು ತನ್ನ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ಹಲಗೆಯ ಮೇಲೆ ಜಾಗವಿರಲಿಲ್ಲ. ಅವನು ಪಟಗಳ ಮುಂದೆ ಬಗ್ಗಿ, ಒಂದೊಂದನ್ನೂ ಎರಡು ಬೆರಳು ಪಕ್ಕಕ್ಕೆ ಸರಿಸುತ್ತ, ಬದುಕಿದವರೊಡನೆ ಮಾತಾಡುವ ಹಾಗೆ ಹೇಳಿದ:

“ಒಂದೀಟು ಸರ್ಕಳ್ರಪ್ಪಾ. ಗಾದ್ರ ಬಂದವ್ನೆ.”

ನನ್ನ ಕಪ್ಪು ಅರ್ಧವನ್ನು ಇಂದುಮತಿ ಕೇಳಿ ಪಡೆದು ತಮ್ಮ ಕಾಲೇಜಿಗೆ ಒಯ್ದರು. ಅದು ಗಾಜಿನ ಪೆಟ್ಟಿಗೆಯೊಳಗೆ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದೆಯಂತೆ. ಜೇನಿನ ಅರ್ಧ ಬೊಮ್ಮಕ್ಕನ ಬಳಿ ಉಳಿಯಿತು.

ಮರುದಿನ ಮಧ್ಯಾಹ್ನ ಅವಳು ಕದ ಹಾಕಿದಳು. ನನ್ನನ್ನೂ ಒಂದು ಮೊಳೆಯನ್ನೂ ಹಿಡಿದು, ಗಾದ್ರಪ್ಪನ ಕರಿಯ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಮೂಲೆಯಲ್ಲಿ ಮುದುರಿ ಕೂತಳು. ಹಟ್ಟಿಗೆ ಹಟ್ಟಿಯೇ ನನ್ನನ್ನು ನೋಡಿತ್ತು. ಅವಳು ಮಾತ್ರ ಹಗೇವಿಗೆ ಇಳಿದಿರಲಿಲ್ಲ. ಕಂಬಳಿಯೊಳಗೆ ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು. ಅವಳು ಮೆಲ್ಲನೆ ಗೀರಿದಳು. ನಾನು ನನ್ನ ಕೈಲಾದಷ್ಟು ಬೆಳಗಿದೆ.

ಗೆರೆ ಮಾಯವಾದ ಜಾಗವನ್ನು ಅವಳು ಹೆಬ್ಬೆರಳಿನಿಂದ ಸವರಿದಳು.

“ಇಷ್ಟೇನಾ?” ಎಂದಳು ಕೊನೆಗೆ. ನಗು ಬಂತು ಅವಳಿಗೆ. “ಇಷ್ಟೇ ಇಷ್ಟು ಬೆಳಕಿಗೆ ಅಷ್ಟೊಂದು ಕುಣಿದ್ಯಾ ಮಾರಾಯಾ!” ನಗುತ್ತಿದ್ದಂತೆಯೇ ದನಿ ಒಡೆಯಿತು. “ಒಂದಿನ ನೀನು ಕರೆದೆ, ಬಾರೇ ನೋಡು ಅಂತ. ನಾನು ರೊಟ್ಟಿ ಬಡೀತಿದ್ದೆ. ಆಮೇಲೆ ಅಂದೆ. ನೀನು ಇನ್ನೊಂದ್ಸಲ ಕರೀಲೇ ಇಲ್ಲ.”

ಮತ್ತೆ ಗೀರಿದಳು.

ಈಗ ನಾನು ಹುಣಸೆಬೀಜದಷ್ಟು ಉಳಿದಿದ್ದೇನೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಮರುದಿನ, ನಾವಿಬ್ಬರೂ ಕಂಬಳಿಯೊಳಗೆ ಸೇರುತ್ತೇವೆ. ನನ್ನ ಬೆಳಕಿನಲ್ಲಿ ಅಡುಗೆ ಮಾಡಲಾಗದು, ದಾರಿ ನಡೆಯಲಾಗದು, ಕಣ್ಣು ಮಿಟುಕಿಸಿದರೆ ಅದು ಹೋಗಿರುತ್ತದೆ. ಕೊಡುತ್ತ ಹೋದಂತೆ ನಾನೂ ಮುಗಿಯುತ್ತೇನೆ. ಆದರೆ ಬಂಡೆಯೊಳಗೇ ಪೂರ್ತಿಯಾಗಿ ಉಳಿದ ನನ್ನ ಬಂಧುಗಳನ್ನು ನೆನೆದರೆ, ಪಾಪ, ಅವರಿಗೆ ತಮ್ಮೊಳಗೆ ಏನಿದೆಯೆಂದೇ ತಿಳಿದಿಲ್ಲ. ಕೋಟಿ ಕೋಟಿ ವರ್ಷ ಯಾರೂ ನೋಡದ ಕತ್ತಲಿನಲ್ಲಿ ದೇವರು ಇದನ್ನು ನನ್ನೊಳಗೆ ಬಚ್ಚಿಟ್ಟದ್ದು ಕಲ್ಲಿನ ಉಪಯೋಗಕ್ಕಂತೂ ಅಲ್ಲ. ಗೀರುವ ಒಂದು ಕೈ, ನೋಡುವ ಎರಡು ಕಣ್ಣು ಸಿಗುವವರೆಗೆ ಅದು ಇದ್ದೂ ಇಲ್ಲದಂತಿತ್ತು.

ಬೊಮ್ಮಕ್ಕನ ಕೈ ಈಗ ಸ್ವಲ್ಪ ನಡುಗುತ್ತದೆ. ಮೊಳೆ ಅತ್ತಿತ್ತ ಜಾರುತ್ತದೆ. ನನ್ನ ಗೆರೆ ಸೊಟ್ಟಗೆ ಬೀಳುತ್ತದೆ. ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು, ಪಕ್ಕದಲ್ಲಿ ಯಾರೋ ಕೂತಿರುವವರಿಗೆ ಜಾಗ ಬಿಡುವಂತೆ ಸ್ವಲ್ಪ ಸರಿದು, “ನೋಡಿದ್ಯಾ?” ಎನ್ನುತ್ತಾಳೆ.